ಕೊಬ್ಬು ತೆಗೆದ ಬ್ರಿಸ್ಕೆಟ್ಟು

ಬ್ರಿಸ್ಕೆಟ್ಟು ಒಣಗಬಾರದು ಅಂದರೆ ಅದರ ಕೊಬ್ಬು ತೆಗೆಯಬಾರದು. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲು ಬಹಳ ವರ್ಷ ಹಿಡಿಯಿತು. ನಮ್ಮ ಕಡೆ ಮಾಂಸ ಮನೆಗೆ ಬಂದರೆ ಮೊದಲ ಕೆಲಸವೇ ಕೊಬ್ಬು ಕೆತ್ತುವುದು. ಆಮೇಲೆ ನೀರು ಕೆಂಪಗಾಗುವುದು ನಿಲ್ಲುವ ತನಕ ತೊಳೆಯುವುದು, ಆಮೇಲೆ ಸಣ್ಣ ತುಂಡು ಮಾಡುವುದು. ಹಾಗೆ ಮಾಡದವಳನ್ನು ಅತ್ತೆಯಂದಿರು ಹೊಲಸಿ ಅನ್ನುತ್ತಿದ್ದರು.

ಬ್ರಿಸ್ಕೆಟ್ಟು ಅಂದರೆ ದನದ ಎದೆಯ ಮಾಂಸ. ಎರಡು ಮುಂಗಾಲುಗಳ ನಡುವೆ ಇರುತ್ತದೆ. ದನ ನಿಂತರೂ ಎದ್ದರೂ ಭಾರವೆಲ್ಲ ಅದರ ಮೇಲೆಯೇ, ಹಾಗಾಗಿ ಅದು ಹಗ್ಗದ ಹಾಗೆ ಗಟ್ಟಿ. ಇಲ್ಲಿ ಅಮೇರಿಕದವರು ಅದನ್ನು ಕತ್ತರಿಸದೆ ಇಡಿಯಾಗಿ ಒಂದು ಕಬ್ಬಿಣದ ಡಬ್ಬಿಯೊಳಗೆ ಇಟ್ಟು, ಸಣ್ಣ ಬೆಂಕಿಯ ಹೊಗೆಯಲ್ಲಿ ಹಗಲೂ ರಾತ್ರಿ ಬೇಯಿಸುತ್ತಾರೆ. ಚೆನ್ನಾಗಿ ಬಂದರೆ ಹಲ್ಲಿಲ್ಲದವರೂ ತಿನ್ನಬಹುದು. ಕೆಟ್ಟರೆ ಚಪ್ಪಲಿ.

ನಮ್ಮ ಮನೆಯವರಿಗೆ ಇದರ ಹುಚ್ಚು ಹಿಡಿದದ್ದು ಹೇವರ್ಡಿನ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ. ಅಲ್ಲಿ ಟೆಕ್ಸಾಸಿನ ಒಬ್ಬ ಮುದುಕ ಇಂಜಿನ್ ಬಿಚ್ಚುತ್ತಿದ್ದ. ಅವನು ಮಧ್ಯಾಹ್ನದ ಊಟಕ್ಕೆ ತಂದ ಬ್ರಿಸ್ಕೆಟ್ಟನ್ನು ಇವರು ಹರಾಮು ಅಂತ ಮುಟ್ಟಲಿಲ್ಲ, ಆದರೆ ವಾಸನೆಯನ್ನು ಮನೆ ತನಕ ಹೊತ್ತು ತಂದರು. ಹಲಾಲ್ ಅಂಗಡಿಯಿಂದ ಎದೆಮಾಂಸ ತಂದು, ಗ್ಯಾರೇಜಿನಲ್ಲೇ ಒಂದು ಹೊಸ ಡ್ರಮ್ಮಿಗೆ ಬಾಗಿಲು ಬೆಸೆದು, ಯೂನಿಯನ್ ಸಿಟಿಯ ನಮ್ಮ ಮನೆಯ ಹಿತ್ತಲಲ್ಲಿ ನಿಲ್ಲಿಸಿದರು. ಮೊದಲ ಸಲ ನಾನು ಪ್ರೀತಿಯಿಂದ ಕೊಬ್ಬೆಲ್ಲ ಕೆತ್ತಿ, ಅರಿಶಿನ ಹಚ್ಚಿ ತೊಳೆದು ಕೊಟ್ಟೆ. ಸಂಜೆಗೆ ಹೊರಬಂದದ್ದನ್ನು ಇವರು ಮೇಜಿನ ಮೇಲೆ ಬಡಿದರು. ಟಕ್ ಅಂದಿತು. "ಬಾಗಲಾ ಮಾಡಸೋಣೇನು ಇದರಾಗ?" ಅಂದರು. ಅವತ್ತಿನಿಂದ ನನ್ನನ್ನು ಡ್ರಮ್ಮಿನ ಹತ್ತಿರ ಬಿಡಲಿಲ್ಲ.

ನಾವು ಗದಗದ ಕಡೆಯ ಪಿಂಜಾರರು. ಹತ್ತಿ ಹಿಂಜುವುದು, ಗಾದಿ ತುಂಬುವುದು ನಮ್ಮ ಹಿರಿಯರ ಕಸುಬು. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ಇವರು ಹುಡುಗರಿದ್ದಾಗ ಅವರಪ್ಪನ ಹಿಂದೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರೂರು ತಿರುಗಿ ಗಾದಿ ಹೊಲಿದವರು. ಆಮೇಲೆ ಹುಬ್ಬಳ್ಳಿಯಲ್ಲಿ ಮೋಟರು ಕಲಿತು, ಕೆಲಸಕ್ಕೆ ಅರಬ್ಬಿ ದೇಶದ ದಮ್ಮಾಮಿಗೆ ಹೋಗಿ, ಅವರ ಅಕ್ಕ ಕರೆಸಿಕೊಂಡ ಮೇಲೆ ಇಲ್ಲಿಗೆ ಬಂದರು. ನಾನು ನಾಲ್ಕನೇ ಇಯತ್ತೆ ಕಲಿತವಳು, ಒಂದು ಲಾಂಡ್ರಿಯಲ್ಲಿ ಪ್ಯಾಂಟಿನ ಅಂಚು ಹೊಲಿದು ಕಣ್ಣು ಕಳೆದುಕೊಂಡೆ. ಇದಿಷ್ಟೇ ನಮ್ಮ ಅಮೇರಿಕ.

ಆಮೇಲೆ ಇವರಿಗೆ ಗಂಟಲಿನ ಕ್ಯಾನ್ಸರು ಬಂತು. ಬೀಡಿ ಮುಟ್ಟಿದವರಲ್ಲ, ತಂಬಾಕು ಹಾಕಿದವರಲ್ಲ. ಹಾಗಾದರೆ ಯಾಕೆ ಬಂತು ಅಂತ ನಾನು ಡಾಕ್ಟರಮ್ಮನನ್ನು ಮಗಳ ಬಾಯಿಂದ ಕೇಳಿಸಿದೆ. ಕೆಲವರಿಗೆ ಬರುತ್ತದೆ ಅಂದಳು. ಅದು ನಿಜವಾದ ಉತ್ತರ. ಊರಿನಲ್ಲಾದರೆ ಯಾರದೋ ಕಣ್ಣು ಬಿತ್ತು ಅಂತ ನೂರು ಉತ್ತರ ಕೊಡುತ್ತಿದ್ದರು.

ಕಿರಣ ಹಾಯಿಸಿದರು. ಗೆಡ್ಡೆ ಕರಗಿತು. ಅದರ ಜೊತೆ ಬಾಯೊಳಗಿನ ಎಂಜಲೂ ಹೋಯಿತು. ಜೀವಮಾನವಿಡೀ ಎಂಜಲು, ಎಂಜಲು ಅಂತ ಮಕ್ಕಳ ಕೈಗೆ ಹೊಡೆದೆವು. ಅದು ಹೋದ ಮೇಲೆ ಗೊತ್ತಾಯಿತು, ಮನುಷ್ಯ ಉಣ್ಣುವುದು ಹಲ್ಲಿನಿಂದ ಅಲ್ಲ. ಅನ್ನ ಇಟ್ಟರೆ ಉಸುಕು, ರೊಟ್ಟಿ ಇಟ್ಟರೆ ಕಾಗದ. ಬಾಯಿ ಅಂಟಿಕೊಂಡು ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸಲು ಒಬ್ಬಳು ಹುಡುಗಿ ಇದ್ದಳು. ಎಪ್ಪತ್ತು ದಾಟಿದ ಗಂಡಸಿಗೆ ಗದ್ದ ಕೆಳಗೆ ಮಾಡಿ ನುಂಗು, ಇನ್ನೊಮ್ಮೆ ನುಂಗು ಅಂತ ಹೇಳಿಕೊಡುತ್ತಿದ್ದಳು. ನುಂಗಿದ್ದು ಹೊಟ್ಟೆಗೆ ಹೋಗದೆ ಶ್ವಾಸನಾಳಕ್ಕೆ ಹೋಗುತ್ತಿತ್ತು. ಕಡೆಗೆ ಹೊಟ್ಟೆಗೆ ತೂತು ಮಾಡಿ ನಳಿಗೆ ಇಟ್ಟರು. ಬೂದು ಬಣ್ಣದ ಗಂಜಿಯಂಥದ್ದನ್ನು ಮಗಳು ಅದರಲ್ಲಿ ಹಾಕುತ್ತಿದ್ದಳು. ಬಾಯಿಗೆ ರುಚಿಗೆ ಅಂತ ಏನಾದರೂ ಇಟ್ಟುಕೊಳ್ಳಬಹುದು, ಆದರೆ ತೀರ ಮೆತ್ತಗಿರಬೇಕು, ಹಸಿ ಇರಬೇಕು, ಒಣದು ಏನೂ ಬೇಡ ಅಂತ ಆ ಹುಡುಗಿ ಹೇಳಿದ್ದಳು.

ರಂಜಾನಿನ ಹೊತ್ತಿಗೆ ಕ್ಯಾನ್ಸರು ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿತು. ಇನ್ನು ಕಿರಣ ಇಲ್ಲ, ನೋವಿಗೆ ಔಷಧ ಮಾತ್ರ ಅಂದರು. ಹಾಗಾಗಿ ಆ ಬಕ್ರೀದು ಇವರ ಕೊನೆಯದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಇವರೇ ಅಂದರು. ಮಗಳು ಮಾತ್ರೆ ಪುಡಿ ಮಾಡುತ್ತಿದ್ದಾಗ, ಪಿಸುಮಾತಿನಲ್ಲಿ, "ಈ ಸಲದ್ದು ಬಾಯಾಗ ಇಡ್ತೀನಿ" ಅಂದರು. ಪ್ರತಿ ಬಕ್ರೀದಿಗೆ ತಾವು ಮಾಡುವ ಬ್ರಿಸ್ಕೆಟ್ಟಿನ ಮಾತು ಅದು.

ಬಕ್ರೀದಿನ ದಿನ ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಏನೂ ತಿನ್ನುವುದಿಲ್ಲ. ನಮಾಜು ಮುಗಿಸಿ, ಕುರ್ಬಾನಿ, ಅಂದರೆ ಹಬ್ಬದ ಬಲಿ, ಆಗಿ, ತಮ್ಮ ಪಾಲಿನ ಮಾಂಸ ಬಾಯಿಗೆ ಬಿದ್ದ ಮೇಲೆಯೇ ಅವತ್ತಿನ ಊಟ. ಇಲ್ಲಿ ಮಾಂಸ ಬರುವುದು ತಡವಾಗುತ್ತದೆ ಅಂತ ಬಹಳ ಮಂದಿ ಬಿಸ್ಕಿಟು ತಿಂದುಬಿಡುತ್ತಾರೆ. ಇವರು ತಿನ್ನುತ್ತಿರಲಿಲ್ಲ. ಆವತ್ತು ಜಳಕ ಮಾಡಿಸಿ ಹೊಸ ಅಂಗಿ ಹಾಕಿದೆವು. ಕಾಲರಿನೊಳಗೆ ಕುತ್ತಿಗೆ ಒಂದು ಕೋಲಿನ ಹಾಗೆ ನಿಂತಿತ್ತು. ಕುರ್ಚಿಯಲ್ಲೇ ಕೂತು ನಮಾಜು ಮಾಡಿದರು. ಮಗಳು ನಳಿಗೆಗೆ ಹಾಕಲು ಗಂಜಿಯ ಚೀಲ ತಂದರೆ ಕೈ ಅಡ್ಡ ಹಿಡಿದರು.

ನಳಿಗೆಯಿಂದ ಹಾಕುವುದು ತಿಂದ ಹಾಗೆ ಅಲ್ಲ, ಬಾಯಿಗೆ ಹೋಗುವುದೇ ಇಲ್ಲವಲ್ಲ ಅಂತ ಮಗಳು ಅಂದಳು.

"ಹೊಟ್ಟಿಗಿ ಹೋಗ್ತೈತಲ್ಲ," ಅಂದರು ಇವರು.

ಮಗಳು ನನ್ನ ಕಡೆ ತಿರುಗಿದಳು. ಅವಳು ಡೇಕೇರಿನಲ್ಲಿ ಕೆಲಸ ಮಾಡುವವಳು, ಹಟ ಮಾಡುವ ಕೂಸುಗಳನ್ನು ದಿನಾ ಉಣಿಸುತ್ತಾಳೆ. ಆದರೂ ಕಣ್ಣಲ್ಲಿ ನೀರು. "ನನ್ನ ಮಾರಿ ಏನ್ ನೋಡ್ತಿ? ನನ್ನ ಮಾತು ಇವರು ಯಾವಾಗ ಕೇಳ್ಯಾರ?" ಅಂದೆ. ಅಂದೆನೇ ಹೊರತು ಒಳಗೆ ಲೆಕ್ಕ ಹಾಕುತ್ತಿದ್ದೆ. ಅವರ ಮೈಯಲ್ಲಿ ಒಂದು ದಿನ ಉಪವಾಸ ಇರುವಷ್ಟು ಮಾಂಸ ಉಳಿದಿರಲಿಲ್ಲ. ಬೇಗ ಹೋಗಬೇಕು, ಬೇಗ ಬರಬೇಕು, ಅವರ ಬಾಯಿಗೆ ಒಂದು ತುಂಡು ಮುಟ್ಟಿಸಬೇಕು. ಆಮೇಲೆ ನಳಿಗೆ. ನನ್ನ ತಲೆಯಲ್ಲಿ ಇದಿಷ್ಟೇ ಇತ್ತು.

ಏಳು ಮನೆ ಸೇರಿ ಒಂದು ದನ. ಅದರ ಕುರ್ಬಾನಿ ಮಾರ್ಗನ್ ಹಿಲ್ಲಿನ ಆಚೆ ಒಂದು ಫಾರ್ಮಿನಲ್ಲಿ ಆಗುತ್ತದೆ. ಏಳು ಪಾಲೂ ತೂಕದಲ್ಲಿ ಒಂದೇ ಇರಬೇಕು, ಕಣ್ಣಂದಾಜಿಗೆ ಹಂಚುವ ಹಾಗಿಲ್ಲ. ಪ್ರತಿವರ್ಷ ಇವರು ಹೋಗಿ ಕಟುಕನ ಪಕ್ಕ ನಿಂತು ಎದೆಮಾಂಸವನ್ನು ಇಡಿಯಾಗಿ ತಮ್ಮ ಪಾಲಿಗೆ ಹಾಕಿಸಿಕೊಳ್ಳುತ್ತಿದ್ದರು. ಅದಕ್ಕೆ ಬದಲು ತಮ್ಮ ಪಾಲಿನ ತೊಡೆ, ಕಾಲು ಎಲ್ಲ ಬಿಟ್ಟುಕೊಡುತ್ತಿದ್ದರು. ನಾವು ಅವತ್ತು ಕಲೇಜಿ, ಅಂದರೆ ಲಿವರು, ಹುರಿದು ತಿಂದು ಉಪವಾಸ ಬಿಡುತ್ತಿದ್ದೆವು. ಮರುದಿನ ಉಳಿದ ಆರೂ ಮನೆಯವರು ನಮ್ಮ ಹಿತ್ತಲಿಗೆ ಬಂದು ಬ್ರಿಸ್ಕೆಟ್ಟು ತಿನ್ನುತ್ತಿದ್ದರು. ಈ ಸಲ ಇವರಿಗೆ ಕಲೇಜಿ ಆಗುವುದಿಲ್ಲ, ಅದು ಸುಣ್ಣದ ಹಾಗೆ ಬಾಯಿಗೆ ಹತ್ತುತ್ತದೆ. ಎದೆಮಾಂಸದ ಒಂದು ತುದಿ ಕೊಯ್ದು ಬೇಗ ಮೆತ್ತಗೆ ಮಾಡಿ ಕೊಡುತ್ತೇನೆ, ಉಳಿದದ್ದನ್ನು ನಾಳೆಗೆ ಡ್ರಮ್ಮಿಗೆ ಹಾಕಿದರಾಯಿತು ಅಂದುಕೊಂಡು ನಾನೂ ಮಗಳೂ ಹೊರಟೆವು. ಇವರ ಹತ್ತಿರ ಮೊಮ್ಮಗಳು ಇದ್ದಳು. ಕಾಲೇಜಿಗೆ ಹೋಗುವವಳು, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲೀಷು.

ಫಾರ್ಮಿನಲ್ಲಿ ಪಾಲು ಹಂಚುವ ಹಿರಿತನ ಈ ಸಲ ಮೈಸೂರಿನ ಒಬ್ಬರು ವಹಿಸಿಕೊಂಡಿದ್ದರು. ಸಾಂಟಾ ಕ್ಲಾರಾದಲ್ಲಿ ಕಿರಾಣಿ ಅಂಗಡಿ ಇಟ್ಟವರು, ಬಹಳ ಸಭ್ಯರು. ನಮ್ಮನ್ನು ನೋಡಿ ಓಡಿ ಬಂದು ಚೀಲಗಳನ್ನು ತಾವೇ ಕಾರಿನ ಹತ್ತಿರ ತಂದರು.

"ಅಕ್ಕಾ, ಎದೆಮಾಂಸ ನಿಮಗೇ ಇಟ್ಟಿದೀನಿ. ಅಣ್ಣಾವ್ರಿಗೆ ಹುಷಾರಿಲ್ಲ, ನೀವೊಬ್ರೇ ಎಲ್ಲಿ ಒದ್ದಾಡ್ತೀರಾ ಅಂತ ಕೊಬ್ಬೆಲ್ಲ ತೆಗೆಸಿ, ಸಣ್ಣ ಸಣ್ಣಗೆ ಕಟ್ ಮಾಡಿಸಿದೀನಿ. ಹಾಗೇ ಕುಕ್ಕರಿಗೆ ಹಾಕ್ಬಿಡಿ."

ನಾನು ಚೀಲ ಬಿಚ್ಚಿ ನೋಡಿದೆ. ಒಂದು ಚೂರು ಬಿಳುಪಿಲ್ಲದ ಕೆಂಪು ತುಂಡುಗಳು, ಎಲ್ಲ ಒಂದೇ ಅಳತೆ. ನಮ್ಮ ಯಾವ ಅತ್ತೆ ನೋಡಿದ್ದರೂ ಕೈ ಮುಗಿಯುತ್ತಿದ್ದರು. ಇವರು ಈ ಸಲ ಬ್ರಿಸ್ಕೆಟ್ಟು ಬಯಸಿದ್ದಾರೆ ಅಂತ ಅವರಿಗೆ ಹೇಳಬೇಕು ಅಂತ ನಮಗೆ ಹೊಳೆದಿರಲಿಲ್ಲ. ಗಂಟಲಲ್ಲಿ ನೀರೂ ಇಳಿಯದವರು ಅದನ್ನು ಕೇಳುತ್ತಾರೆ ಅಂತ ಅವರಿಗಾದರೂ ಹೇಗೆ ಹೊಳೆಯಬೇಕು? ಆದರೆ ಆ ಹೊತ್ತಿನಲ್ಲಿ ನನಗೆ ನ್ಯಾಯ ಬೇಕಿರಲಿಲ್ಲ. ಬೈದೆ. ಕೇಳದೆ ಯಾರಿಗೂ ಉಪಕಾರ ಮಾಡಬ್ಯಾಡ್ರಿ ಅಂತ, ಅವರ ಹೆಂಡತಿಯ ಎದುರಿಗೇ ಅಂದೆ. ಅವರ ಮುಖ ಬಿಳಿಚಿಕೊಂಡಿತು. ಕೊಬ್ಬು ಎಲ್ಲಿ ಅಂದೆ. ಕಟುಕ ಒಂದು ಟಬ್ಬು ತೋರಿಸಿದ. ತೋಳೇರಿಸಿ ಅದರೊಳಗೆ ಕೈ ಹಾಕಿ, ಎದೆಯ ಮೇಲಿನ ದಪ್ಪ ಹಾಳೆಗಳನ್ನು ಹುಡುಕಿ ತೆಗೆದು ಚೀಲಕ್ಕೆ ತುಂಬಿಕೊಂಡೆ. ಅದರಿಂದ ಏನು ಮಾಡುತ್ತೇನೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಸಿಟ್ಟು ಬಂದಾಗ ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ, ಅಷ್ಟೇ.

ವಾಪಸು ಬರುವಾಗ ಫ್ರೀವೇ ತುಂಬಿ ನಿಂತಿತ್ತು. ಮಗಳು ಸ್ಟಿಯರಿಂಗು ಹಿಡಿದುಕೊಂಡೇ ಒಂದು ಉಪಾಯ ಹೇಳಿದಳು. ದಾರಿಯಲ್ಲಿ ಸಾಂಟಾ ಕ್ಲಾರಾದ ಹಲಾಲ್ ಮಾಂಸದ ಅಂಗಡಿಯಲ್ಲಿ ಇಡೀ ಬ್ರಿಸ್ಕೆಟ್ಟು ಸಿಗುತ್ತದೆ, ತೆಗೆದುಕೊಂಡು ಹೋಗೋಣ, ಅದು ನಮ್ಮ ಕುರ್ಬಾನಿ ಪಾಲಿನದಲ್ಲ ಅಂತ ಅಪ್ಪನಿಗೆ ಹೇಳುವುದು ಬೇಡ. ಅವಳ ಮಾತು ತಪ್ಪೂ ಅಲ್ಲ.

"ಬ್ಯಾಡ," ಅಂದೆ. "ಬ್ಯಾರೆಯವರಿಗೆ ಸುಳ್ಳ ಹೇಳಿದ್ರ ಮುಂದ ಯಾವಾಗರೆ ತಿದ್ದಬಹುದು. ಇವರಿಗೆ ಹೇಳಿದ್ದನ್ನ ಯಾವಾಗ ತಿದ್ದತೀ?"

ಅವಳು ಮನೆ ಬರುವ ತನಕ ಮೂಗು ಒರೆಸಿಕೊಳ್ಳುತ್ತಿದ್ದಳು.

ಇವರು ಹಿತ್ತಲಿನಲ್ಲಿ ಕೂತಿದ್ದರು, ಡ್ರಮ್ಮಿನ ಹತ್ತಿರ. ಮೊಮ್ಮಗಳ ಕೈಯಿಂದ ಬಾದಾಮಿ ಮರದ ಕಟ್ಟಿಗೆ ಜೋಡಿಸಿ ಬೆಂಕಿ ಮಾಡಿಸಿಟ್ಟಿದ್ದರು. ನಾನು ಚೀಲ ತಂದು ತೊಡೆಯ ಮೇಲೆ ಇಟ್ಟೆ. "ಕಟ್ ಮಾಡಿಬಿಟ್ಟಾರ," ಅಂದೆ. ಬೇರೆ ಹೇಗೆ ಹೇಳುವುದು?

ಅವರು ಪ್ಲಾಸ್ಟಿಕ್ಕಿನ ಮೇಲಿಂದಲೇ ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಒಂದು ತುಂಡು, ಇನ್ನೊಂದು ತುಂಡು. ಕೋಳಿಮರಿ ಸತ್ತಿದೆಯೋ ಬದುಕಿದೆಯೋ ನೋಡುವ ಹಾಗೆ. ಆಮೇಲೆ ಕಣ್ಣು ಮುಚ್ಚಿದರು. ಮೈಸೂರಿನವರು ಚಲೋ ಮನಸ್ಸಿನಿಂದಲೇ ಮಾಡಿದ್ದಾರೆ, ಅವರಿಗೆ ಏನೂ ಅನ್ನಬೇಡ ಅಂತ ಪಿಸುಗುಟ್ಟಿದರು. ನಾನು ಆಗಲೇ ಅಂದು ಬಂದಿದ್ದೆ, ಅದನ್ನೂ ಹೇಳಿದೆ. ತುಟಿ ಸ್ವಲ್ಪ ಅಲುಗಿತು.

"ಕೊಬ್ಬು?"

"ತೆಗದಾರ. ನಾ ಟಬ್ಬಿನಾಗಿಂದ ಆರಿಸಿ ತಂದೀನಿ."

ಕಣ್ಣು ಬಿಟ್ಟರು. ತೆಗೆ ನೋಡೋಣ ಅಂತ ಕೈ ಮಾಡಿದರು. ನಾನು ಹಾಳೆಗಳನ್ನು ಪರಾತದಲ್ಲಿ ಹರಡಿದೆ. ಅಗಲವಾಗಿ, ಬೆಳ್ಳಗೆ, ಪಕ್ಕಪಕ್ಕ ಬಿದ್ದಿದ್ದವು. ಇಬ್ಬರೂ ಅದನ್ನೇ ನೋಡಿದೆವು. ಯಾರಿಗೆ ಮೊದಲು ಹೊಳೆಯಿತೋ ನನಗೆ ನೆನಪಿಲ್ಲ. ಬಾಯಿ ಇದ್ದವಳು ನಾನು, ಆದ್ದರಿಂದ ನಾನು ಅಂದೆ: "ಗಾದಿ ತುಂಬಿದಂಗ ತುಂಬೂಣೇನ್ರಿ?"

ಅವರು ತಲೆ ಆಡಿಸಿದರು.

ಗಾದಿಗೆ ಕೆಳಗೊಂದು ಬಟ್ಟೆ, ಮೇಲೊಂದು ಬಟ್ಟೆ, ನಡುವೆ ಹತ್ತಿ. ಹತ್ತಿ ಮೂಲೆ ಮೂಲೆಗೆ ಗಿಡಿದು ತುಂಬಬೇಕು, ಎಲ್ಲಿಯೂ ಪೊಳ್ಳು ಉಳಿಯಬಾರದು. ಪೊಳ್ಳು ಉಳಿದ ಜಾಗ ಮೊದಲು ಕುಸಿಯುತ್ತದೆ. ಮಾಂಸಕ್ಕೂ ಹಾಗೆಯೇ ಅಂತ ಅವರು ಪಿಸುಮಾತಿನಲ್ಲಿ ಹೇಳಿದರು, ಗಾಳಿ ಹೊಕ್ಕ ಜಾಗ ಒಣಗುತ್ತದೆ. ನಾನು ಒಂದು ಹಾಳೆ ಕೆಳಗೆ ಹಾಸಿ ತುಂಡುಗಳನ್ನು ಜೋಡಿಸಲು ಹೋದೆ. ಅವರು ಕೈ ಹಿಡಿದು ನಿಲ್ಲಿಸಿ, ಪ್ರತಿ ತುಂಡಿನ ಎಳೆ ಯಾವ ಕಡೆ ಹರಿದಿದೆ ನೋಡಿ, ಎಲ್ಲ ಒಂದೇ ದಿಕ್ಕಿಗೆ ಇಡಿಸಿದರು. ಅಡ್ಡಾದಿಡ್ಡಿ ಇಟ್ಟರೆ ಕೊನೆಗೆ ಕೊಯ್ಯುವಾಗ ಎಳೆಯ ಅಡ್ಡಕ್ಕೆ ಚಾಕು ಹೋಗುವುದಿಲ್ಲ, ನಾರು ನಾರಾಗುತ್ತದೆ. ನಾನು ಶುಂಠಿ ಬೆಳ್ಳುಳ್ಳಿ ಅಂದೆ. ಬೇಡ ಅಂದರು. ಕೊತ್ತಂಬರಿ ಬೀಜ ಅಂದೆ. ನನ್ನನ್ನು ಒಮ್ಮೆ ನೋಡಿದರು. ಉಪ್ಪು, ಕರಿಮೆಣಸಿನ ಪುಡಿ, ಅಷ್ಟೇ.

ಊರಿಂದ ತಂದ ದಬ್ಬಣ ನನ್ನ ಹೊಲಿಗೆ ಡಬ್ಬಿಯಲ್ಲಿ ಇತ್ತು. ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ದಪ್ಪ ಹತ್ತಿ ದಾರ ಪೋಣಿಸಿ, ಮೇಲಿನ ಹಾಳೆಯನ್ನೂ ಕೆಳಗಿನ ಹಾಳೆಯನ್ನೂ ಅಂಚಿಗೆ ಹೊಲಿಯಲು ಕೂತೆ. ಕೊಬ್ಬು ಜಾರುತ್ತದೆ, ದಾರ ಕೊಯ್ಯುತ್ತದೆ. ಎರಡು ಬದಿ ಮುಗಿಯುವಷ್ಟರಲ್ಲಿ ಇವರಿಗೆ ತಡೆಯಲಾಗಲಿಲ್ಲ.

"ಸಡಲ ಹಾಕ್ತಿ. ತಾ ಇಲ್ಲೆ."

ದಬ್ಬಣ ಕಿತ್ತುಕೊಂಡರು. ಮೂರನೇ ಬದಿಯನ್ನು ಅವರೇ ಹೊಲಿದರು. ಚುಚ್ಚುವುದು, ಎಳೆಯುವುದು, ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯುವುದು. ಐವತ್ತು ವರ್ಷ ಬಿಟ್ಟ ಕೆಲಸ, ಕೈ ಮರೆತಿರಲಿಲ್ಲ. ಉಸಿರು ಮಾತ್ರ ಸೀಟಿಯಂತೆ ಬರುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು, ಸಾಕು ಮಾಡ್ಸವ್ವಾ, ಬೆವರಾಕತ್ತಾರ ಅಂದಳು. ನಾನು ನಿಲ್ಲಿಸಲಿಲ್ಲ. ಕೊನೆಯ ಬದಿ ಅವರಿಂದ ಆಗಲಿಲ್ಲ. ದಬ್ಬಣವನ್ನು ಅಂಗಿಯ ತೋಳಿಗೆ ಚುಚ್ಚಿಟ್ಟುಕೊಂಡು ಕುರ್ಚಿಗೆ ಒರಗಿದರು. ಅದನ್ನು ಕಿತ್ತು ಉಳಿದ ಹೊಲಿಗೆ ನಾನೇ ಹಾಕಿದೆ, ಬಿಗಿಯಾಗಿ.

ಡ್ರಮ್ಮಿನೊಳಗೆ ಬೆಂಕಿಗೂ ಮಾಂಸಕ್ಕೂ ನಡುವೆ ಒಂದು ಬೋಗುಣಿಯಲ್ಲಿ ನೀರು ಇಡಬೇಕು. ಆ ನೀರಿನ ಹಬೆ ಇರುವ ತನಕ ಮಾಂಸ ತನ್ನ ನೀರನ್ನು ಹಿಡಿದುಕೊಳ್ಳುತ್ತದೆ. ಡ್ರಮ್ಮಿನ ಬಾಗಿಲು ತೆಗೆದು ತೆಗೆದು ನೋಡಬಾರದು. ಮೇಲ್ಭಾಗ ಬಿರುಸಾಗುತ್ತಿದೆ ಅನ್ನಿಸಿದರೆ ಸ್ವಲ್ಪ ವಿನಿಗರು ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಿಂದ ಹೊಡೆದು ತಕ್ಷಣ ಮುಚ್ಚಬೇಕು. ಇವರ ಬಾಯಿಗೂ ಆಸ್ಪತ್ರೆಯವರು ಒಂದು ಸ್ಪ್ರೇ ಬಾಟಲಿ ಕೊಟ್ಟಿದ್ದರು, ಎಂಜಲಿನ ಬದಲಿಗೆ. ನಾನು ಅವತ್ತು ಮಧ್ಯಾಹ್ನವೆಲ್ಲ ಎರಡು ಬಾಟಲಿ ಹಿಡಿದು ಓಡಾಡಿದೆ. ಅಲ್ಲಿ ಎರಡು ಸಲ ಹೊಡೆ, ಇಲ್ಲಿ ಎರಡು ಸಲ ಹೊಡೆ. ಒಮ್ಮೆ ಇವರು ಬಾಯಿ ತೆರೆಯದೆ ಬಾಟಲಿಯನ್ನೇ ನೋಡಿದರು.

"ಯಾವುದು ಅದು? ನೋಡಿ ಹೊಡಿ."

ನೋಡಿದೆ. ಸರಿಯಾದದ್ದೇ ಇತ್ತು. ಆದರೂ ಬದಲಾದರೆ ಏನೂ ಆಗುವುದಿಲ್ಲ, ನೀವೂ ಮೆತ್ತಗಾಗುತ್ತೀರಿ ಅಂದೆ. ಈ ವಯಸ್ಸಿನಲ್ಲಿ ಏನು ಮೆತ್ತಗಾಗುವುದು ಅಂದರು. ಬಾಯಿಗೆ ಹೊಡೆಸಿಕೊಂಡು ಹಾಗೇ ನಿದ್ದೆ ಹೋದರು.

ನಡುವೆ ಒಂದು ಹೊತ್ತು ಬರುತ್ತದೆ, ಮಾಂಸದ ಕಾವು ಏರುವುದು ನಿಂತೇ ಬಿಡುತ್ತದೆ. ಚುಚ್ಚಿಟ್ಟ ಥರ್ಮಾಮೀಟರಿನ ಮುಳ್ಳು ಅಲ್ಲೇ ಇರುತ್ತದೆ. ಬೆಂಕಿ ಜಾಸ್ತಿ ಮಾಡಿದಿರೋ ಕೆಟ್ಟಿರಿ. ಆಗ ಅದನ್ನು ತೆಗೆದು ದಪ್ಪ ಕಾಗದದಲ್ಲಿ ಸುತ್ತಿ ಮತ್ತೆ ಒಳಗಿಡಬೇಕು, ಸುಮ್ಮನೆ ಕಾಯಬೇಕು. ಮಗಳಿಗೆ ಕಾಯಲು ಆಗುತ್ತಿರಲಿಲ್ಲ. ಪ್ರತಿ ಸಲ ಹೊರಗೆ ಬಂದಾಗ ಇವರ ಮಣಿಕಟ್ಟು ಹಿಡಿದು ನೋಡುತ್ತಿದ್ದಳು. ಈಗಲಾದರೂ ಸ್ವಲ್ಪ ಗಂಜಿ ಹಾಕಲೇ ಅಂತ ನನ್ನನ್ನು ಕೇಳುತ್ತಿದ್ದಳು, ಅವರು ಮಲಗಿದ್ದಾರೆ, ಗೊತ್ತಾಗುವುದಿಲ್ಲ ಅಂತ. ಗೊತ್ತಾಗುವುದಿಲ್ಲ ನಿಜ. ನನಗೂ ಆಸೆ ಆಯಿತು. ಅವರ ಬೆರಳ ತುದಿ ನೀಲಿಗಟ್ಟಿತ್ತು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಅನ್ನುತ್ತ ಹೋದೆ. ಅವತ್ತು ಏನಾದರೂ ಆಗಿದ್ದರೆ ಮಗಳು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಅದು ಗೊತ್ತಿದ್ದೇ ಹಾಗೆ ಮಾಡಿದೆ.

ಇಡೀ ಬ್ರಿಸ್ಕೆಟ್ಟಾಗಿದ್ದರೆ ಮರುದಿನ ಬೆಳಗಾಗುತ್ತಿತ್ತು. ತುಂಡಾದದ್ದರಿಂದ ಬಿಸಿಲು ಇರುವಾಗಲೇ ಥರ್ಮಾಮೀಟರಿನ ಕಡ್ಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಮಾಂಸದೊಳಗೆ ಇಳಿಯಿತು. ನಾನು ಚಾಕು ತಂದೆ. ಇವರಿಗೆ ಎಚ್ಚರವಾಗಿತ್ತು, ಕೈ ಆಡಿಸಿದರು. ಹೊರತೆಗೆದ ಕೂಡಲೇ ಕೊಯ್ದರೆ ಒಳಗಿನ ರಸವೆಲ್ಲ ಹಲಗೆಗೆ ಹರಿದು ಹೋಗುತ್ತದೆ. ಕಾಗದ ಸಮೇತ ಹಳೆಯ ಟವೆಲ್ಲುಗಳಲ್ಲಿ ಸುತ್ತಿ, ಐಸಿಲ್ಲದ ಐಸು ಡಬ್ಬಿಯಲ್ಲಿ ಇಟ್ಟು ಮುಚ್ಚಬೇಕು. ಮಗಳಿಗೆ ಆಗ ಸಹನೆ ಪೂರ್ತಿ ತಪ್ಪಿತು. ಇನ್ನ ಎಷ್ಟು ಹೊತ್ತಪ್ಪಾ ಅಂತ ಅಳುತ್ತಲೇ ಕೇಳಿದಳು.

"ದಣದೈತಿ," ಅಂದರು ಇವರು, ಡಬ್ಬಿ ತೋರಿಸಿ. "ಒಂದೀಟು ಮಲಗಲಿ."

ಬಿಸಿಲು ಬೇಲಿಯ ಮೇಲಿಂದ ಇಳಿಯುವಾಗ ಡಬ್ಬಿ ತೆಗೆದೆವು. ಮೇಲೆ ಕಪ್ಪು ಹೊಪ್ಪಳೆ, ಹೊಲಿಗೆ ಹಾಗೇ ಇತ್ತು. ದಾರ ಕತ್ತರಿಸಿ ಎಳೆದೆ. ಮೇಲಿನ ಹಾಳೆ ಅರ್ಧ ಕರಗಿ ಒಳಗೆ ಇಳಿದಿತ್ತು. ತುಂಡು ಯಾವುದು, ಸಂದು ಯಾವುದು ಗೊತ್ತಾಗದ ಹಾಗೆ ಎಲ್ಲ ಒಂದಾಗಿತ್ತು. ಎಳೆಯ ಅಡ್ಡಕ್ಕೆ ಒಂದೇ ಒಂದು ಹೋಳು ಕೊಯ್ದೆ. ಮುಂಚೆಯೆಲ್ಲ ನೆಂಟರು ಬರುವುದರೊಳಗೆ ಪೂರ್ತಿ ಕೊಯ್ದು ತಟ್ಟೆಗೆ ಒಟ್ಟುತ್ತಿದ್ದೆ, ಗಾಳಿಗೆ ಒಣಗಿ ಇವರಿಂದ ಬೈಸಿಕೊಳ್ಳುತ್ತಿದ್ದೆ. ಈ ಸಲ ಒಂದೇ. ಬೆರಳಿನಿಂದ ಹಿಡಿದರೆ ಹಿಂಜಿದ ಹತ್ತಿಯ ಹಾಗೆ ಬಿಟ್ಟುಕೊಂಡಿತು. ಕಾಗದದಲ್ಲಿ ನಿಂತಿದ್ದ ರಸದಲ್ಲಿ ಅದ್ದಿದೆ.

ಮೊಮ್ಮಗಳು ಅಜ್ಜನ ಬೆನ್ನಿಗೆ ದಿಂಬು ಇಟ್ಟು ಗದ್ದ ಕೆಳಗೆ ಬಾಗಿಸಿದಳು, ಆ ನುಂಗುವುದು ಕಲಿಸುವ ಹುಡುಗಿ ಹೇಳಿದ ಹಾಗೆ. ಆಗದಿದ್ದರೆ ಪರವಾಗಿಲ್ಲ ಅಜ್ಜಾ ಅಂತ ಇಂಗ್ಲೀಷಿನಲ್ಲಿ ಹೇಳಿದಳು. ನಾನು ಬಾಯಿಗೆ ಸ್ಪ್ರೇ ಹೊಡೆದೆ. ಅವರು ಬಿಸ್ಮಿಲ್ಲಾ ಅಂದರು. ಕೇಳಿಸಲಿಲ್ಲ, ತುಟಿ ಆಡಿದ್ದು ಕಾಣಿಸಿತು. ನಾಲಿಗೆಯ ಮೇಲೆ ಇಟ್ಟೆ.

ಬಹಳ ಹೊತ್ತು ಅಗಿದರು. ದವಡೆಯ ಎಲುಬು ಚರ್ಮದ ಕೆಳಗೆ ಮೇಲೆ ಕೆಳಗೆ ಹೋಗುವುದು ಕಾಣುತ್ತಿತ್ತು. ಕಣ್ಣು ಎಲ್ಲಿಯೋ ಇತ್ತು. ಒಮ್ಮೆ ನುಂಗಲು ನೋಡಿದರು, ಗಂಟಲಮಣಿ ಅರ್ಧ ಏರಿ ನಿಂತಿತು. ಇನ್ನೊಮ್ಮೆ ನೋಡಿದರು. ಆಮೇಲೆ ಕೆಮ್ಮು ಬಂತು. ಅಂಥ ಕೆಮ್ಮು, ಹೊಸ ಅಂಗಿಯೊಳಗೆ ಇಡೀ ಮೈ ನಡುಗಿತು. ನಾನು ಅಂಗೈ ಒಡ್ಡಿದೆ. ಅವರು ಅದನ್ನು ನನ್ನ ಕೈಯಲ್ಲಿ ಉಗುಳಿದರು. ಬೆಚ್ಚಗಿತ್ತು. ಚೆನ್ನಾಗಿ ಅಗಿದಿದ್ದರು, ರಸವೆಲ್ಲ ಬಿಟ್ಟಿತ್ತು.

ಉಸಿರು ಹಿಂದಕ್ಕೆ ಬರುವ ತನಕ ಮೊಮ್ಮಗಳು ಬೆನ್ನು ನೀವಿದಳು.

"ಒಣಗಿಲ್ಲ," ಅಂದರು. "ಮೆತ್ತಗೈತಿ."

ನಾಲಿಗೆಗೆ ಹತ್ತಿತಲ್ಲ, ಉಪವಾಸ ಬಿಟ್ಟ ಹಾಗೆಯೇ ಆಯಿತು ಅಂತ ನಾನು ಅಂದೆ. ನಾನೇನು ಮೌಲವಿಯಲ್ಲ. ಆದರೆ ಅವರು ಅಂಗಿಯ ಗುಂಡಿ ತಾವೇ ಬಿಚ್ಚಿ, ಹೊಟ್ಟೆಯ ನಳಿಗೆಯನ್ನು ಮಗಳ ಕಡೆ ಚಾಚಿದರು. ಅವಳು ಗಂಜಿಯ ಚೀಲ ತೂಗುಹಾಕಿದಳು. ಬೂದು ಗಂಜಿ ನಳಿಗೆಯಲ್ಲಿ ಇಳಿಯಲು ಶುರುವಾಯಿತು.

ಅದು ಇಳಿಯುತ್ತಿರುವಾಗ ಗದ್ದದಿಂದ ಹಲಗೆಯ ಕಡೆ ತೋರಿಸಿದರು. ತಿನ್ನಿ ಅಂತ. ಮಗಳು ಮುಖ ತಿರುಗಿಸಿದಳು. ಮೊಮ್ಮಗಳು ಹಸಿವಿಲ್ಲ ಅಂದಳು, ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ. ಮಾಂಸ ಹಲಗೆಯ ಮೇಲೆ ತೆರೆದೇ ಇತ್ತು, ಗಾಳಿ ಬೀಸುತ್ತಿತ್ತು. ಅವರು ಮತ್ತೆ ತೋರಿಸಿದರು.

ನಾನು ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಒಂದು ಹೋಳು ಕೊಯ್ದು ಬಾಯಿಗೆ ಇಟ್ಟೆ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಅವರು ಇಷ್ಟು ವರ್ಷ ಮಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ನಾನು ಅಗಿಯುವುದನ್ನು ಅವರು ನೋಡುತ್ತಿದ್ದರು. ಬಾಯಿಯನ್ನಲ್ಲ, ಗಂಟಲನ್ನು. ನುಂಗಿದೆ. ಅವರ ಗಂಟಲೂ ಒಮ್ಮೆ ಆಡಿತು. ಇನ್ನೊಂದು ಹೋಳು ಕೊಯ್ದುಕೊಂಡೆ.